ವೆಬ್‌ಸೈಟಿನ 19ನೇ ಗೇಟು ಯಾವುದು, ಹುಡುಕಿ

ಬಳ್ಳಾರಿಯಲ್ಲಿ ಜೀನ್ಸ್ ಹೋಲ್‌ಸೇಲ್ ಮಾಡುವ ನನ್ನ ಪರಿಚಯದವರಿಗೆ ಹೈದರಾಬಾದಿನ ಗಿರಾಕಿಯೊಬ್ಬರು ಫೋನ್ ಮಾಡಿದರು. ‘ಏನ್ ಸಾವ್ಕಾರ್ರೇ, ಪ್ಯಾಂಟು ಬಿಟ್ಟು ಇಸ್ಪೀಟು ಶುರು ಮಾಡಿದ್ರಾ?’ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ ಒತ್ತಿದರೆ ರಮ್ಮಿ ಆಡಿಸುವ ಸೈಟು ತೆರೆಯುತ್ತಿತ್ತಂತೆ. ಸಾವ್ಕಾರರು ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಸರಿಯಾಗಿದೆ. ಅದೇ ಪ್ಯಾಂಟು, ಅದೇ ರೇಟು. ಗಿರಾಕಿಯ ಫೋನೇ ಕೆಟ್ಟಿದೆ ಎಂದು ಸುಮ್ಮನಾದರು. ಮೂರನೇ ಫೋನ್ ಬಂದಾಗ ನನ್ನನ್ನು ಕರೆದರು.

ಕಳ್ಳ ದಾರಿ ಸಿಕ್ಕಿದ್ದು ಚಿತ್ರಗಳನ್ನು ಒಂದಾದ ಮೇಲೊಂದು ಸರಿಸಿ ತೋರಿಸುವ ಒಂದು ಸ್ಲೈಡರ್ ಪ್ಲಗಿನ್‌ನಲ್ಲಿ. ನಾಲ್ಕು ವರ್ಷದ ಹಿಂದೆ ದೀಪಾವಳಿ ಆಫರ್ ತೋರಿಸಲು ಹಾಕಿದ್ದು. ಹಬ್ಬ ಮುಗಿದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ.

ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ನಂಥ ವೆಬ್‌ಸೈಟ್ ಕಟ್ಟುವ ವ್ಯವಸ್ಥೆಗೆ ಬೇರೆಯವರು ಬರೆದು ಕೊಟ್ಟ ಜೋಡಣೆ. ಆರ್ಡರ್ ಫಾರ್ಮ್ ಬೇಕೇ, ವಾಟ್ಸ್ಆ್ಯಪ್ ಬಟನ್ ಬೇಕೇ, ಒಂದು ಪ್ಲಗಿನ್ ಹಾಕಿದರೆ ಕೆಲಸ ಆಯಿತು. ಆದರೆ ಒಳಗೆ ಬಂದ ಪ್ಲಗಿನ್‌ಗೆ ಅಡುಗೆಮನೆ, ತಿಜೋರಿ ಎಂಬ ಭೇದ ಇಲ್ಲ. ವರ್ಡ್‌ಪ್ರೆಸ್ ಏನೇನು ಮುಟ್ಟಬಲ್ಲದೋ ಅಷ್ಟನ್ನೂ ಅದೂ ಮುಟ್ಟಬಲ್ಲದು. ಗಿರಾಕಿಗಳ ಹೆಸರು, ನಂಬರು, ವಿಳಾಸ ಎಲ್ಲ ಅದರ ಕೈಗೆ ಸಿಗುತ್ತವೆ.

ನಮ್ಮ ಭಾಗದವರಿಗೆ ಇದನ್ನು ಹೇಳುವುದು ಸುಲಭ. ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಕೊಚ್ಚಿ ಹೋದದ್ದು 19ನೆಯದು ಒಂದೇ. ಉಳಿದ 32 ಗಟ್ಟಿಯಾಗಿದ್ದವು ಅಂತ ನೀರು ನಿಂತಿತೇ? ಅದೇ ತಿಂಗಳು ವೆಬ್‌ಸೈಟುಗಳ ಲೋಕದಲ್ಲೂ ಒಂದು ಗೇಟು ಸಡಿಲವಾಗಿತ್ತು. ಲೈಟ್‌ಸ್ಪೀಡ್ ಕ್ಯಾಶ್ ಎಂಬ ಪ್ಲಗಿನ್ 50 ಲಕ್ಷಕ್ಕೂ ಜಾಸ್ತಿ ಸೈಟುಗಳಲ್ಲಿದೆ. ಅದರ ಒಳಗಿನ ಒಂದು ಗುಪ್ತ ಸಂಕೇತಕ್ಕೆ ಇದ್ದ ಸಾಧ್ಯತೆಗಳು ಬರೀ 10 ಲಕ್ಷ. ಮನುಷ್ಯರಿಗೆ ಅದು ದೊಡ್ಡ ಲೆಕ್ಕ, ಕಂಪ್ಯೂಟರಿಗೆ ಏನೂ ಅಲ್ಲ. ಒಂದೊಂದಾಗಿ ಹಾಕಿ ನೋಡಿದರೆ ಯಾರು ಬೇಕಾದರೂ ಅಡ್ಮಿನ್ ಆಗಬಹುದಿತ್ತು. 6.4ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು.

ಈಗ ಕೆಲಸಕ್ಕೆ ಬರೋಣ.

ಮೊದಲು ಎಣಿಸಿ

ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಲಾಗಿನ್ ಆಗಿ ಸೈಟನ್ನು ನಿಭಾಯಿಸುವ ಪುಟದಲ್ಲಿ, ಪ್ಲಗಿನ್‌ಗಳ ಪಟ್ಟಿ ತೆರೆಯಿರಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅದು ಏನು ಕೆಲಸ ಮಾಡುತ್ತದೆ ಎಂದು ಒಂದು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಆ ಪ್ಲಗಿನ್ ನಿಮಗೆ ಬೇಡ ಎಂದೇ ಅರ್ಥ. ಜೀನ್ಸ್ ಅಂಗಡಿಯಲ್ಲಿ 31 ಇದ್ದವು. ಸಾವ್ಕಾರರು ಬರೆದದ್ದು 11ಕ್ಕೆ ಮಾತ್ರ.

ಉಳಿಯುವ ಪ್ರತಿಯೊಂದರ ಅಧಿಕೃತ ಪುಟವನ್ನೂ ತೆರೆದು ನೋಡಿ. ಕೊನೆಯ ಅಪ್‌ಡೇಟ್ ಯಾವಾಗ ಆಯಿತು, ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷೆ ಆಗಿದೆ ಎಂಬುದು ಅಲ್ಲೇ ಇರುತ್ತದೆ. ಎರಡು ವರ್ಷದಿಂದ ಯಾರೂ ಮುಟ್ಟದ ಪ್ಲಗಿನ್‌ಗೆ ಬದಲಿ ಹುಡುಕಿ. ಕೆಲವು ಪುಟಗಳಲ್ಲಿ ಈ ಪ್ಲಗಿನ್ ಮುಚ್ಚಲಾಗಿದೆ ಎಂದೇ ಬರೆದಿರುತ್ತದೆ. ತಮಾಷೆ ಅಂದರೆ, ಮುಚ್ಚಿದ ಪ್ಲಗಿನ್‌ಗೆ ಹೊಸ ಅಪ್‌ಡೇಟೇ ಬರುವುದಿಲ್ಲ. ಹಾಗಾಗಿ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಚುಕ್ಕೆಯೂ ಕಾಣುವುದಿಲ್ಲ. ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಷ್ಟೇ.

ಆಫ್ ಮಾಡಿದರೆ ಸಾಲದು, ಅಳಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಪ್ಲಗಿನ್ ನಿಷ್ಕ್ರಿಯ ಮಾಡಿದರೆ ವರ್ಡ್‌ಪ್ರೆಸ್ ಅದನ್ನು ಕರೆಯುವುದಿಲ್ಲ, ನಿಜ. ಆದರೆ ಅದರ ಫೈಲುಗಳು ಸರ್ವರಿನಲ್ಲಿ ಹಾಗೇ ಕೂತಿರುತ್ತವೆ. ವಿಳಾಸ ಗೊತ್ತಿದ್ದವರು ಕೆಲವು ಫೈಲುಗಳನ್ನು ಹೊರಗಿನಿಂದ ನೇರವಾಗಿ ಓಡಿಸಬಹುದು. 2020ರ ಸೆಪ್ಟೆಂಬರಿನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್ ಸಿಕ್ಕಿಬಿದ್ದದ್ದು ಹೀಗೆಯೇ. ಸುಮಾರು 7 ಲಕ್ಷ ಸೈಟುಗಳಲ್ಲಿತ್ತು ಅದು. ಅದರೊಳಗಿನ ಒಂದು ಫೈಲನ್ನು ಲಾಗಿನ್ ಇಲ್ಲದೆ ಯಾರು ಬೇಕಾದರೂ ಕರೆದು, ತಮ್ಮ ಫೈಲನ್ನು ಒಳಗೆ ತುರುಕಬಹುದಿತ್ತು. ನಿಷ್ಕ್ರಿಯ ಮಾಡುವುದು ಅಂಗಡಿಯ ದೀಪ ಆರಿಸಿದ ಹಾಗೆ, ಕೀಲಿ ಹಾಕಿದ ಹಾಗಲ್ಲ. ಸೈಟಿನ ಅಂದಚಂದಕ್ಕೆ ಹಾಕಿದ ಹಳೆಯ ಥೀಮುಗಳಿಗೂ ಇದೇ ಮಾತು.

ಪುಕ್ಕಟೆ ಪ್ರೀಮಿಯಂ ಬೇಡವೇ ಬೇಡ

ದುಡ್ಡಿನ ಪ್ಲಗಿನ್ ಅನ್ನು ಟೆಲಿಗ್ರಾಮ್ ಗುಂಪಿನಲ್ಲಿ ಪುಕ್ಕಟೆ ಹಂಚುವವರಿದ್ದಾರೆ. ನಲ್ಡ್ ಪ್ಲಗಿನ್ ಎಂದು ಅದಕ್ಕೆ ಹೆಸರು. ಡಬ್ಲ್ಯುಪಿ-ವಿಸಿಡಿ ಎಂಬ ಕುಖ್ಯಾತ ಮಾಲ್‌ವೇರ್ ಇಂಥ ಪೊಟ್ಟಣಗಳಲ್ಲೇ ಊರೂರು ಸುತ್ತಿತು. ಇಲ್ಲಿ ತೂತು ಇರಬಹುದೇ ಎಂದು ಕೇಳಬೇಕಾಗಿಯೇ ಇಲ್ಲ, ತೂತು ಮಾಡಿಯೇ ಕೊಟ್ಟಿರುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಕೇಳಿ, ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ. ತಡವರಿಸಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಅಪ್‌ಡೇಟ್: ಇಂದೇ, ಆದರೆ ಬ್ಯಾಕಪ್ ಆದ ಮೇಲೆ

ಅಪ್‌ಡೇಟ್ ಬಂದ ದಿನ ನಿಮಗೆ ಎಷ್ಟು ಮುಖ್ಯವೋ ಕಳ್ಳರಿಗೂ ಅಷ್ಟೇ ಮುಖ್ಯ. ಹಳೆಯ ಕೋಡು, ಹೊಸ ಕೋಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಎಂದು ತಿಳಿದುಹೋಗುತ್ತದೆ. ಆಮೇಲೆ ಅಪ್‌ಡೇಟ್ ಮಾಡದ ಸೈಟುಗಳನ್ನು ಯಂತ್ರಗಳೇ ಹುಡುಕುತ್ತವೆ. ‘ನಮ್ಮ ಆನೆಗೊಂದಿಯ ಸಣ್ಣ ಹೋಂಸ್ಟೇ ಮೇಲೆ ಯಾರಿಗೇನು ಕಣ್ಣು?’ ಎಂದು ಒಬ್ಬರು ಕೇಳಿದ್ದರು. ಯಂತ್ರಕ್ಕೆ ಆನೆಗೊಂದಿಯೂ ಗೊತ್ತಿಲ್ಲ, ಹೋಂಸ್ಟೇಯೂ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಪ್ಲಗಿನ್ ಹೆಸರು ಮತ್ತು ಆವೃತ್ತಿ.

ವರ್ಡ್‌ಪ್ರೆಸ್ 5.5ರಿಂದ, ಅಂದರೆ 2020ರ ಆಗಸ್ಟ್‌ನಿಂದ, ಪ್ರತಿ ಪ್ಲಗಿನ್ ಪಕ್ಕದಲ್ಲೇ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಇದೆ. ಸಣ್ಣ ಸೈಟುಗಳಿಗೆ ಅದನ್ನು ಆನ್ ಮಾಡಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಸುಮಾರು 2 ಲಕ್ಷ ಸೈಟುಗಳಲ್ಲಿತ್ತು. 2017ರಲ್ಲಿ ಅದನ್ನು ಕೊಂಡ ಹೊಸ ಮಾಲೀಕರು ಅಪ್‌ಡೇಟ್ ಮೂಲಕವೇ ಹಿಂಬಾಗಿಲು ಇಟ್ಟರು. ಆದರೆ ಇಂಥದ್ದು ಅಪರೂಪ. ಅಪ್‌ಡೇಟ್ ಮಾಡದೆ ಕೆಟ್ಟ ಸೈಟುಗಳೇ ನನಗೆ ದಿನಾ ಸಿಗುವುದು. ಆನ್‌ಲೈನ್ ಪೇಮೆಂಟ್ ಇರುವ ಅಂಗಡಿಯಾದರೆ ಮಾತ್ರ ಮೊದಲು ಒಂದು ನಕಲು ಸೈಟಿನಲ್ಲಿ ಹಾಕಿ ನೋಡಿ.

ಬ್ಯಾಕಪ್ ಅಂದರೆ ಫೈಲು ಮತ್ತು ಡೇಟಾಬೇಸ್ (ಸೈಟಿನ ಮಾಹಿತಿಯ ಕಣಜ) ಎರಡರ ನಕಲೂ. ಅದೇ ಸರ್ವರಿನಲ್ಲಿ ಇಟ್ಟ ಬ್ಯಾಕಪ್, ಬೀರುವಿನ ಒಳಗೇ ಇಟ್ಟ ಬೀರುವಿನ ಕೀಲಿಕೈ. ಬೇರೆ ಕಡೆ ಇಡಿ. ಒಂದು ಸಲವಾದರೂ ಅದರಿಂದ ಸೈಟನ್ನು ಮತ್ತೆ ಎಬ್ಬಿಸಿ ನೋಡಿ.

ಎಲ್ಲರೂ ಅಡ್ಮಿನ್ ಆಗಬೇಕೇ?

ಫೋಟೋ ಹಾಕುವ ಹುಡುಗನಿಗೆ ಎಡಿಟರ್ ಎಂಬ ಕೆಳಗಿನ ದರ್ಜೆಯ ಅಧಿಕಾರ ಸಾಕು. ಅಡ್ಮಿನ್‌ಗಳು ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಲಾಗಿನ್ ಇಟ್ಟುಕೊಳ್ಳಲಿ. ಡ್ಯಾಶ್‌ಬೋರ್ಡಿನಿಂದಲೇ ಕೋಡು ತಿದ್ದುವ ಸೌಲಭ್ಯ ನಿಲ್ಲಿಸಲು, ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದ ಕೋಡಿನ ಭಾಷೆ) ಓಡದಂತೆ ತಡೆಯಲು ಹೋಸ್ಟಿಂಗ್‌ನವರಿಗೆ, ಅಂದರೆ ನಿಮ್ಮ ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟವರಿಗೆ, ಹೇಳಿ. ಅವರಿಗೆ ಹತ್ತು ನಿಮಿಷದ ಕೆಲಸ.

ಸ್ಟಾಪ್ ಲಾಗ್ ಇಳಿಸುವುದು

ಗೇಟು ಹೋದ ಮೇಲೆ ನೀರು ಹರಿಯುತ್ತಿರುವಾಗಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದ್ದು ನೆನಪಿದೆ ಅಲ್ವಾ? ಫೈರ್‌ವಾಲ್ ಮಾಡುವುದೂ ಅದನ್ನೇ. ತೂತು ಗೊತ್ತಾಗಿದೆ, ರಿಪೇರಿ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಅನುಮಾನದ ಕೋರಿಕೆಗಳನ್ನು ಹೊರಗೇ ತಡೆಯುತ್ತದೆ. ವರ್ಡ್‌ಫೆನ್ಸ್, ಪ್ಯಾಚ್‌ಸ್ಟ್ಯಾಕ್ ಮುಂತಾದವು ಇದಕ್ಕೇ ಇವೆ. ವರ್ಡ್‌ಫೆನ್ಸ್ ಪುಕ್ಕಟೆ ಆವೃತ್ತಿಗೆ ಹೊಸ ತಡೆ ನಿಯಮಗಳು 30 ದಿನ ತಡವಾಗಿ ಸಿಗುತ್ತವೆ ಎಂಬುದು ಗೊತ್ತಿರಲಿ. ಅದನ್ನೇ ಗೇಟು ಅಂದುಕೊಂಡು ಕೂರಬೇಡಿ. ಭದ್ರತೆಯ ಪ್ಲಗಿನ್ ಕೂಡ ಪ್ಲಗಿನ್ನೇ. 40 ಲಕ್ಷ ಸೈಟುಗಳಲ್ಲಿದ್ದ ರಿಯಲಿ ಸಿಂಪಲ್ ಸೆಕ್ಯುರಿಟಿಯಲ್ಲಿ 2024ರ ನವೆಂಬರಿನಲ್ಲಿ ತೂತು ಸಿಕ್ಕಿತು. ಅದೂ ಎಲ್ಲಿ? ಎರಡು ಹಂತದ ಲಾಗಿನ್ ಭಾಗದಲ್ಲೇ!

ಒಳಗೆ ಬಂದುಬಿಟ್ಟಿದ್ದರೆ

ಸಾವ್ಕಾರರಿಗೆ ರಮ್ಮಿ ಕಾಣದ್ದಕ್ಕೆ ಕಾರಣ ಇದೆ. ನೀವು ಗೂಗಲ್‌ನಿಂದ ಬಂದಿರಾ, ಮೊಬೈಲಿನಲ್ಲಿ ಬಂದಿರಾ, ಲಾಗಿನ್ ಆಗಿದ್ದೀರಾ ಎಂದು ಆ ಕೋಡು ನೋಡುತ್ತದೆ. ಮಾಲೀಕರಿಗೆ ಒಳ್ಳೆಯ ಮುಖ, ಗಿರಾಕಿಗೆ ಇನ್ನೊಂದು. ಅದಕ್ಕೇ ತಿಂಗಳಿಗೊಮ್ಮೆ ಬೇರೆಯವರ ಮೊಬೈಲಿನಲ್ಲಿ, ಗೂಗಲ್ ಮೂಲಕ ಹುಡುಕಿ ಒತ್ತಿ ನೋಡಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಸೇರಿಸಿಟ್ಟರೆ ಅನುಮಾನ ಬಂದಾಗ ಅದೇ ಮೇಲ್ ಮಾಡುತ್ತದೆ.

ಸೋಂಕು ಖಾತ್ರಿಯಾದರೆ ಸೈಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಗುರುತಿಲ್ಲದ ಅಡ್ಮಿನ್‌ಗಳನ್ನು ತೆಗೆಯಿರಿ. ಹೋಸ್ಟಿಂಗ್, ಡೇಟಾಬೇಸ್, ಲಾಗಿನ್ ಎಲ್ಲದರ ಪಾಸ್‌ವರ್ಡ್ ಬದಲಿಸಿ. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನು ಮೂಲದಿಂದ ಹೊಸದಾಗಿ ಹಾಕಿ. ಎಂಯು-ಪ್ಲಗಿನ್ಸ್ ಎಂಬ ಫೋಲ್ಡರನ್ನು ಮರೆಯಬೇಡಿ, ಅಲ್ಲಿರುವುದು ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿಗಳಾದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸರ್ಟ್-ಇನ್ ಸಂಸ್ಥೆಗೆ 6 ಗಂಟೆಯೊಳಗೆ ತಿಳಿಸಬೇಕು ಎಂದು 2022ರ ನಿರ್ದೇಶನ ಹೇಳುತ್ತದೆ.

ಜೀನ್ಸ್ ಅಂಗಡಿಯಲ್ಲಿ ಈಗ 9 ಪ್ಲಗಿನ್ ಉಳಿದಿವೆ. ಮೊನ್ನೆ ಸಾವ್ಕಾರರು ಫೋನ್ ಮಾಡಿ, ದೀಪಾವಳಿಗೆ ಪರದೆ ಮೇಲೆ ಪಟಾಕಿ ಹಾರಿಸುವ ಪ್ಲಗಿನ್ ಬಂದಿದೆಯಂತೆ, ಹಾಕೋಣವೇ ಎಂದರು. ಒಂದು ಫೋಟೋ ಕಳಿಸಿ, ಹಾಕುತ್ತೇನೆ ಎಂದೆ.