ಮುದಿ ಎಮ್ಮೆಯ ಕಾಲಿನ ಮಾಂಸ ಮೆತ್ತಗಾಗುವ ತನಕ

ಮಾಂಸದ ಅಂಗಡಿಯಲ್ಲಿ ತೊಡೆ, ಬೆನ್ನಿನ ಪಟ್ಟಿ ಮೊದಲು ಖರ್ಚಾಗುತ್ತವೆ. ಮೊಣಕಾಲಿನ ಕೆಳಗಿನ ಭಾಗ ಕೊನೆಯವರೆಗೂ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ, ದರವೂ ಕಡಿಮೆ. ಸಾರು ಮಾಡಲು ನಾನು ಕೇಳಿ ಕೊಳ್ಳುವುದು ಅದನ್ನೇ. ಅಡ್ಡಡ್ಡ ಕೊಯ್ದರೆ ಕೆಂಪಿನ ನಡುವೆ ಬಿಳಿ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ಅದು ಕೊಲಾಜೆನ್, ಸ್ನಾಯುವನ್ನು ಕಟ್ಟಿಹಿಡಿಯುವ ಪ್ರೊಟೀನಿನ ನಾರು. ನಿಧಾನವಾಗಿ ಬೆಂದರೆ ಕರಗಿ ಜೆಲಟಿನ್ ಆಗುತ್ತದೆ, ಗ್ರೇವಿಗೆ ತುಟಿಗಂಟುವ ಗುಣ ಬರುವುದು ಅದರಿಂದಲೇ. ತೊಡೆಯಲ್ಲಿ ಇದು ಕಡಿಮೆ. ಅದನ್ನು ಎಷ್ಟು ಹೊತ್ತು ಬೇಯಿಸಿದರೂ ಗ್ರೇವಿಯೊಳಗೇ ಒಣಗಿದ ಹಾಗಿರುತ್ತದೆ.

ಹೊರದೇಶದ ಬೀಫ್ ಅಡುಗೆ ವಿಡಿಯೋ ನೋಡಿ ಅದೇ ಸಮಯ ಹಿಡಿದವರಿಗೆ ಇಲ್ಲಿ ಮಾಂಸ ಬೇಯುವುದೇ ಇಲ್ಲ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಎಳೆಯ ದನದ ಮಾಂಸ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಕಡಿಯಲು ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ. ಪ್ರಾಣಿಗೆ ವಯಸ್ಸಾದಷ್ಟೂ ಕೊಲಾಜೆನ್ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ, ಕರಗಲು ಹೆಚ್ಚು ಹೊತ್ತು ಬೇಡುತ್ತವೆ. ಅವರು ಎರಡು ಗಂಟೆ ಎಂದಿದ್ದರೆ ನಮ್ಮದಕ್ಕೆ ಮೂರೂವರೆ ಎಂದು ಲೆಕ್ಕ ಹಾಕಿಕೊಳ್ಳಿ.

ಬೆಳಿಗ್ಗೆ ಕಡಿದ ಮಾಂಸವನ್ನು ಮಧ್ಯಾಹ್ನವೇ ಒಲೆಗೇರಿಸುವುದು ಇನ್ನೊಂದು ತಪ್ಪು. ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಸಡಿಲವಾಗಲು ಒಂದು ದಿನವಾದರೂ ಬೇಕು. ಶನಿವಾರ ತಂದು, ಉಪ್ಪು ಸವರಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಭಾನುವಾರ ಮಾಡುತ್ತೇನೆ. ಒಂದು ಕಿಲೋಗೆ ಎರಡು ಟೀ ಚಮಚ ಪುಡಿ ಉಪ್ಪು, ಅಂದರೆ ಸುಮಾರು 12 ಗ್ರಾಂ. ಮೊದಲೇ ಉಪ್ಪು ಹಾಕಿದರೆ ಮಾಂಸ ಗಟ್ಟಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಉಪ್ಪು ಒಳಗಿಳಿದ ತುಂಡು ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ತುಂಡು ದೊಡ್ಡದಿರಲಿ, ಎರಡು ಬೆರಳಗಲಕ್ಕಿಂತ ಸಣ್ಣದು ಬೇಡ. ನಾನು 5 ಸೆಂಟಿಮೀಟರಿಗೆ ಕತ್ತರಿಸುತ್ತೇನೆ, ಬೆಂದಾಗ ಹೇಗೂ ಕುಗ್ಗುತ್ತದೆ. ಒಳಗಿನ ಬಿಳಿ ಗೆರೆಗಳನ್ನು ಬಿಡಿಸಬೇಡಿ. ಹೊರಮೈಗೆ ಅಂಟಿದ ಬೆಳ್ಳಿ ಬಣ್ಣದ ದಪ್ಪ ಪೊರೆಯನ್ನು ಮಾತ್ರ ಚಾಕುವಿನಿಂದ ಎತ್ತಿ ತೆಗೆಯಿರಿ. ಹಳದಿ ಬಣ್ಣದ, ರಬ್ಬರಿನಂತೆ ಎಳೆದಾಡುವ ಪಟ್ಟಿ ಕಂಡರೆ ಅದನ್ನೂ ಎಸೆಯಿರಿ. ಅದು ಎಲಾಸ್ಟಿನ್ ಎಂಬ ಬೇರೆ ನಾರು, ಇಡೀ ದಿನ ಕುದಿಸಿದರೂ ಕರಗದು. ಎಮ್ಮೆಯ ಕೊಬ್ಬು ಬೆಳ್ಳಗಿದ್ದು ಬೇಗ ಹೆಪ್ಪುಗಟ್ಟಿ ಅಂಗುಳಿಗೆ ಅಂಟುತ್ತದೆ, ಆದ್ದರಿಂದ ಹೆಚ್ಚಿನದನ್ನು ತೆಗೆದು ಒಂದು ನಿಂಬೆ ಗಾತ್ರದಷ್ಟು ಬಿಟ್ಟರೆ ಸಾಕು. ಮಜ್ಜೆಯಿರುವ ನಲ್ಲಿ ಮೂಳೆ ಎರಡು ತುಂಡು ಕೇಳಿ ಹಾಕಿಸಿಕೊಳ್ಳಿ.

ಒಂದು ಕಿಲೋ ಮಾಂಸಕ್ಕೆ: ಈರುಳ್ಳಿ 300 ಗ್ರಾಂ, ಶುಂಠಿ ಬೆಳ್ಳುಳ್ಳಿ ಅರೆದದ್ದು ಎರಡು ದೊಡ್ಡ ಚಮಚ, ಟೊಮೆಟೊ ಎರಡು, ಅರಿಸಿನ ಅರ್ಧ ಟೀ ಚಮಚ. ಹುರಿದು ಪುಡಿ ಮಾಡಲು ಕೊತ್ತಂಬರಿ ಬೀಜ ಮೂರು ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ಹತ್ತು, ಕಾಳುಮೆಣಸು ಒಂದು ಟೀ ಚಮಚ, ಎರಡಿಂಚು ಚಕ್ಕೆ, ಲವಂಗ ನಾಲ್ಕು. ಬೇರೆಯಾಗಿ ನುಣ್ಣಗೆ ರುಬ್ಬಲು ಅರ್ಧ ಹೋಳು ತೆಂಗಿನಕಾಯಿ ತುರಿ, ಒಂದು ದೊಡ್ಡ ಚಮಚ ಗಸಗಸೆ. ದುಬೈ, ಸೌದಿಯಲ್ಲಿರುವವರು ಗಸಗಸೆಯ ಆಸೆ ಬಿಡಿ, ಅಲ್ಲಿ ಅದು ನಿಷಿದ್ಧ. ಊರಿಂದ ಪೊಟ್ಟಣ ಕಟ್ಟಿಕೊಂಡು ಹೋಗುವ ಸಾಹಸವಂತೂ ಬೇಡವೇ ಬೇಡ. ಹತ್ತು ಗೋಡಂಬಿ ಆ ಕೆಲಸ ಮಾಡುತ್ತದೆ.

ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ ಹಾಕಿ ಮೂರು ಕಂತಿನಲ್ಲಿ ಕೆಂಪಗೆ ಹುರಿಯಬೇಕು. ಒಂದೇ ಸಲ ಸುರಿದರೆ ಬಾಣಲೆ ತಣಿದು ಮಾಂಸ ನೀರು ಬಿಡುತ್ತದೆ. ನೀರಿರುವ ತನಕ ಶಾಖ 100 ಡಿಗ್ರಿ ದಾಟದು, ಕೆಂಪಾಗಲು ಸುಮಾರು 140 ಬೇಕು. ಬೂದು ಬಣ್ಣದ ಮಾಂಸದಿಂದ ಸಪ್ಪೆ ಸಾರೇ ಗತಿ. ಎರಡು ಮುಖ ಕೆಂಪಾದರೆ ಸಾಕು. ಹುರಿಯುವುದು ರುಚಿಗೆ, ಮೆತ್ತಗಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ಬಾಣಲೆಯಲ್ಲಿ ಈರುಳ್ಳಿ ಕಂದಾಗುವವರೆಗೆ ಬಾಡಿಸಿ, ಶುಂಠಿ ಬೆಳ್ಳುಳ್ಳಿ, ಅರಿಸಿನ, ಮಸಾಲೆ ಪುಡಿ, ಕೊನೆಗೆ ಟೊಮೆಟೊ. ತಳಕ್ಕೆ ಹಿಡಿದ ಕಂದು ಪದರವನ್ನು ಸ್ವಲ್ಪ ಬಿಸಿನೀರು ಹಾಕಿ ಕೆರೆದು ಬಿಡಿಸಿ.

ಈಗ ಬೇಯಿಸುವ ಮಾತು. ಕುಕ್ಕರಿನಲ್ಲಾದರೆ ಮಾಂಸ, ಮೂಳೆ, ಮಸಾಲೆ ಜೊತೆ ಒಂದೂವರೆ ಲೋಟ ಬಿಸಿನೀರು ಸಾಕು, ಮಾಂಸವೇ ಇನ್ನಷ್ಟು ಬಿಡುತ್ತದೆ. ಕೂಗು ಎಣಿಸುವುದನ್ನು ಬಿಟ್ಟುಬಿಡಿ. ದೊಡ್ಡ ಉರಿಯಲ್ಲಿ ಹತ್ತು ಕೂಗು ಹದಿನೈದು ನಿಮಿಷದಲ್ಲೂ ಬರಬಹುದು, ಅಷ್ಟರಲ್ಲಿ ಮುದಿ ಎಮ್ಮೆ ಬೇಯುವುದಿಲ್ಲ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 45 ನಿಮಿಷ ಗಡಿಯಾರ ನೋಡಿ, ಆಮೇಲೆ ಒತ್ತಡ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಹಬೆ ಬಿಟ್ಟರೆ ತುಂಡಿನೊಳಗಿನ ರಸವೂ ಕುದಿದು ಹೊರಬರುತ್ತದೆ, ನಾರು ನಾರಾಗುತ್ತದೆ. ಸಮಯವಿದ್ದರೆ ದಪ್ಪ ತಳದ ಪಾತ್ರೆಯೇ ಮೇಲು: ಮಾಂಸ ಮುಳುಗುವಷ್ಟು ನೀರು, ಮುಚ್ಚಳ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ, ಮೂರರಿಂದ ಮೂರೂವರೆ ಗಂಟೆ. ಕೊತಕೊತ ಕುದಿಸಿದರೆ ತುಂಡಿನ ಹೊರಭಾಗ ಹಿಂಜಿಹೋಗುತ್ತದೆ.

ಒಂದು ಗಂಟೆಗೆ ತೆಗೆದು ಅಗಿದು ನೋಡಿದವರು ಹೆದರುತ್ತಾರೆ, ಹಸಿಯಾಗಿದ್ದಾಗಿನದಕ್ಕಿಂತ ಗಟ್ಟಿ! ಸ್ನಾಯು ಆಗಲೇ ಕುಗ್ಗಿ ನೀರು ಬಿಟ್ಟಿರುತ್ತದೆ, ಕೊಲಾಜೆನ್ ಇನ್ನೂ ಕರಗಿರುವುದಿಲ್ಲ. ಹೆಚ್ಚು ಬೆಂದು ಗಟ್ಟಿಯಾಯಿತು ಎಂದುಕೊಂಡು ಒಲೆ ಆರಿಸುವುದೇ ಇದರಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ರಬ್ಬರಿನಂತೆ ಹಿಂದಕ್ಕೆ ತಳ್ಳಿದರೆ ಬೇಯಲಿಲ್ಲ ಎಂದರ್ಥ, ಕುಕ್ಕರಾದರೆ ಮತ್ತೆ 15 ನಿಮಿಷ ಇಡಿ. ಹುಡಿಯಾಗಿ ಎಳೆ ಬಿಟ್ಟು, ಬಾಯಲ್ಲಿ ಒಣ ನಾರಾದರೆ ಮಾತ್ರ ಹೆಚ್ಚಾದದ್ದು, ಅದಕ್ಕೆ ಮದ್ದಿಲ್ಲ. ಸೌಟಿನ ಅಂಚಿಗೆ ತುಂಡು ಮುರಿಯಬೇಕು, ತಾನಾಗಿ ಬಿರಿಯಬಾರದು. ಹಸಿ ಪಪ್ಪಾಯಿ ಹಾಕುವವರು ನೆನಪಿಡಬೇಕಾದದ್ದು, ಅದು ಕೆಲವೇ ಮಿಲಿಮೀಟರು ಒಳಗೆ ಹೋಗುತ್ತದೆ. ರಾತ್ರಿಯಿಡೀ ನೆನೆಸಿದರೆ ಹೊರಗೆ ಗಂಜಿ, ಒಳಗೆ ಮೊದಲಿನ ಗಟ್ಟಿಯೇ. ಇಷ್ಟು ಹೊತ್ತು ಬೇಯಿಸುವ ಅಡುಗೆಗೆ ಅದು ಬೇಕಾಗಿಯೇ ಇಲ್ಲ.

ತೆಂಗಿನಕಾಯಿ ಅರೆದದ್ದು ಮಾಂಸ ಮೆತ್ತಗಾದ ಮೇಲೆಯೇ ಹೋಗಬೇಕು. ಮೊದಲೇ ಹಾಕಿದರೆ ಕುಕ್ಕರಿನ ತಳ ಹಿಡಿಯುತ್ತದೆ, ಆ ಸುಟ್ಟ ವಾಸನೆ ಯಾವ ಮಸಾಲೆಗೂ ಮುಚ್ಚಿಹೋಗದು. ಮೇಲೆ ತೇಲುವ ಕೊಬ್ಬು ತೆಗೆದು, ಅರೆದ ಕಾಯಿ ಕಲಸಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಸಣ್ಣಗೆ ಕುದಿಸಿ. ಮುದ್ದೆಗಾದರೆ ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿ, ಅಕ್ಕಿ ರೊಟ್ಟಿಗಾದರೆ ಸೌಟಿಗೆ ಅಂಟುವ ತನಕ ಇಂಗಿಸಿ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಗ್ರೇವಿ ಅಲುಗಾಡುವ ಜೆಲ್ಲಿಯಾಗಿರುತ್ತದೆ. ಕೆಟ್ಟಿತೆಂದು ಚೆಲ್ಲಬೇಡಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ.