ಮಗು ಬೇಕು ಅಂತಿರೋರು, ಬಸುರೀರು ಏನ್ ತಿನ್ಬೇಕು, ಏನ್ ಬಿಡ್ಬೇಕು

ಮಗುಗೆ ಪ್ಲಾನ್ ಮಾಡ್ತಿದೀರಾ ಅಂದ್ರೆ ಯಾವ್ದೋ ಬೇರು, ಪುಡಿ ಹುಡ್ಕೋಕೆ ಮುಂಚೆ ಡಾಕ್ಟರ್ ಹತ್ರ ಕೇಳಿ ಫೋಲಿಕ್ ಆಸಿಡ್ (ಒಂದ್ ಥರದ ಬಿ ವಿಟಮಿನ್) ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ. ಮಗು ಬೆನ್ನುಹುರಿ ಸರಿಯಾಗಿ ಬೆಳೆಯೋಕೆ ಇದು ಬೇಕು, ಅದು ರೂಪ ತಗೊಳ್ಳೋದು ಗರ್ಭ ನಿಂತ ಮೊದಲ 4 ವಾರದಲ್ಲೇ, ಆಗ ಎಷ್ಟೋ ಜನಕ್ಕೆ ಬಸುರಿ ಅಂತಾನೇ ಗೊತ್ತಿರಲ್ಲ, ಅದಕ್ಕೇ ಮುಂಚೆಯಿಂದ್ಲೇ ತಗೋಬೇಕು.

ಊಟಕ್ಕೆ ನಮ್ ಮಂಡ್ಯ ಕಡೆ ಅಡುಗೆ ತುಂಬಾ ಒಳ್ಳೇದು. ರಾಗಿ ಮುದ್ದೇಲಿ ಕ್ಯಾಲ್ಸಿಯಂ ಇದೆ, ಜೊತೆಗೆ ಸೊಪ್ಪು ಕಾಳು ಹಾಕಿದ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ತಿನ್ನೋರಾದ್ರೆ ಚೆನ್ನಾಗಿ ಬೆಂದ ಮೊಟ್ಟೆ. ಪಲ್ಯಕ್ಕೆ ಸ್ಟವ್ ಆಫ್ ಮಾಡಿದ್ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತೆ, ಆದ್ರೆ ಊಟ ಆದ ತಕ್ಷಣ ಕಾಫಿ ಟೀ ಕುಡಿದ್ರೆ ಸರಿಯಾಗಿ ಹತ್ತಲ್ಲ, ಒಂದ್ ಗಂಟೆ ಬಿಟ್ಟು ಕುಡೀರಿ.

ಗಿಡಮೂಲಿಕೆ ಅಂದ್ರೆ ಸೈಡ್ ಎಫೆಕ್ಟೇ ಇಲ್ಲ ಅನ್ನೋದನ್ನ ದಯವಿಟ್ಟು ನಂಬ್ಬೇಡಿ. ಬಸುರೀರು ಅಶ್ವಗಂಧ, ಲೋಳೆಸರದ ಜ್ಯೂಸ್ ತಗೋಬಾರ್ದು. ಮೆಂತ್ಯ ಒಗ್ಗರಣೆಗೆ ಓಕೆ, ಔಷಧಿ ಥರ ಜಾಸ್ತಿ ತಿನ್ನೋದು ಬೇಡ. ಶತಾವರಿನೂ ಡಾಕ್ಟರ್‌ನ ಕೇಳ್ದೆ ಬೇಡ. ವಾಕರಿಕೆಗೆ ಸ್ವಲ್ಪ ಶುಂಠಿ ಪರ್ವಾಗಿಲ್ಲ.

ಒಂದ್ ವರ್ಷ ಪ್ರಯತ್ನ ಪಟ್ರೂ ಗರ್ಭ ನಿಲ್ಲಲಿಲ್ಲ ಅಂದ್ರೆ, ಹೆಂಡ್ತಿ ವಯಸ್ಸು 35 ದಾಟಿದ್ರೆ ಆರು ತಿಂಗ್ಳಿಗೇ, ಆಸ್ಪತ್ರೆಗೆ ಹೋಗಿ, ಗಂಡಂದೂ ಟೆಸ್ಟ್ ಮಾಡ್ಸಿ.