ನಿಲ್ಲಿಸಿದ ಕಾರಿನ ಬ್ಯಾಟರಿ ಇಳಿಯುತ್ತಿತ್ತು: ಕಾರಣ ಟ್ರ್ಯಾಕರ್

ಕಾರನ್ನು ಒಂದು ವಾರ ನಿಲ್ಲಿಸಿಟ್ಟರೆ ಸಾಕು, ಸ್ಟಾರ್ಟ್ ಆಗುತ್ತಿರಲಿಲ್ಲ. ಬರೀ ಟಕ್ ಟಕ್ ಸದ್ದು. ಟರ್ಮಿನಲ್ ಉಜ್ಜಿದರೂ ಅಷ್ಟೇ, ಹೊಸ ಬ್ಯಾಟರಿ ಹಾಕಿಸಿದರೂ ಅಷ್ಟೇ. ಗ್ಯಾರೇಜಿನವರು ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬದಲಿಸಿ ಅಂದರು. ಆದರೆ ಇಂಜಿನ್ ಓಡುವಾಗ 14.2 ವೋಲ್ಟ್ ಬರುತ್ತಿತ್ತು. ಅಂದರೆ ಚಾರ್ಜಿಂಗ್ ಸರಿಯಿದೆ, ಆ ಖರ್ಚು ಸುಮ್ನೆ ದಂಡ ಅಲ್ವಾ?

ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದ ಮೇಲೆ ಗೊತ್ತಾಯಿತು. ಕೀ ತೆಗೆದು ಬಾಗಿಲು ಮುಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಡಿಸಿ ಆಂಪ್‌ಗೆ ತಿರುಗಿಸಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸಿ. ಅರ್ಧ ಗಂಟೆ ಕಾಯಲೇಬೇಕು. ಕಾರಿನ ಕಂಪ್ಯೂಟರ್ ಮಲಗದೆ ಸರಿಯಾದ ಅಳತೆ ಸಿಗುವುದಿಲ್ಲ. ಅಷ್ಟರಲ್ಲಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ನಿಂತ ಕಾರು ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರಬೇಕು. ನನ್ನದು 180 ತೋರಿಸಿತು. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಕಳ್ಳರ ಭಯಕ್ಕೆ ಹಾಕಿಸಿದ್ದ ಜಿಪಿಎಸ್ ಟ್ರ್ಯಾಕರಿನ ಫ್ಯೂಸ್ ತೆಗೆದ ತಕ್ಷಣ 30ಕ್ಕೆ ಇಳಿಯಿತು.

ಟ್ರ್ಯಾಕರ್ ಬೇಕೇ ಬೇಕು, ಅದನ್ನು ಕಿತ್ತುಹಾಕಲಿಲ್ಲ. ಫಿಟ್ ಮಾಡಿದವರು ಅದರ ಇಗ್ನಿಷನ್ ವೈರನ್ನು (ಕೀ ಆನ್ ಇದೆಯೋ ಆಫ್ ಆಗಿದೆಯೋ ಎಂದು ಟ್ರ್ಯಾಕರಿಗೆ ತಿಳಿಸುವ ವೈರ್) ಜೋಡಿಸದೆ ಬಿಟ್ಟಿದ್ದರು. ಹಾಗಾಗಿ ಅದು ಮಲಗುತ್ತಲೇ ಇರಲಿಲ್ಲ. ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಆ ವೈರ್ ಕೊಟ್ಟೆ. ಆಪ್‌ನಲ್ಲಿ ಸ್ಲೀಪ್ ಮೋಡ್, ವೈಬ್ರೇಷನ್ ಅಲಾರ್ಮ್ ಎರಡನ್ನೂ ಆನ್ ಮಾಡಿದೆ. ಈಗ 38 ಮಿಲಿಆಂಪ್. ಯಾರಾದರೂ ಕಾರು ಅಲುಗಾಡಿಸಿದರೆ ಮೊಬೈಲಿಗೆ ಸಂದೇಶ ಬರುತ್ತದೆ.